ಹಿಮದ ಊರಿನ ಕೊಲೆ, ಹಿಮದ ಊರಿನ ಓದುಗರು

ಸ್ವೀಡನ್ನಿನ ಪತ್ತೇದಾರಿ ಕಾದಂಬರಿಗಳ ಬಗ್ಗೆ ಊರಿನ ಗೆಳೆಯರು ಕೇಳಿದಾಗಲೆಲ್ಲ ಅವರ ಕಣ್ಣ ಮುಂದಿರುವುದು ಒಂದೇ ಚಿತ್ರ: ಬಿಳಿ ಹಿಮ, ಅದರ ಮೇಲೆ ಕೆಂಪು ರಕ್ತ, ದೂರದಲ್ಲೊಂದು ನಾಯಿಯ ಊಳು. ಪುಸ್ತಕಗಳ ರಕ್ಷಾಪುಟಗಳೂ ಹಾಗೆಯೇ ಇರುವುದರಿಂದ ಅವರನ್ನು ದೂರುವಂತಿಲ್ಲ. ಆದರೆ ಹಿಮದಲ್ಲೇ ಹುಟ್ಟಿ ಬೆಳೆದವರ ನಡುವೆ ಕುಳಿತು ಅಂಥ ಕಾದಂಬರಿಯೊಂದನ್ನು ಚರ್ಚಿಸಿ ನೋಡಿ. ಹಿಮದ ಮಾತು ಕಾಫಿ ಆರುವುದರೊಳಗೆ ಮುಗಿದಿರುತ್ತದೆ. ಉಳಿದ ಹೊತ್ತೆಲ್ಲ ಜಗಳ ನಡೆಯುವುದು ಧರ್ಮದ ಮೇಲೆ, ಮನೆ ಬಿಟ್ಟು ಹೋದ ಹೆಣ್ಣುಮಗಳ ಮೇಲೆ, ಮತ್ತು ಈಗ ಇಲ್ಲದ ಒಂದು ಊರಿನ ಮೇಲೆ.

ನಾನಿರುವ ಲೂಲಿಯೋ, ಸ್ವೀಡನ್ನಿನ ಉತ್ತರದಲ್ಲಿ ಬೋತ್ನಿಯಾ ಕೊಲ್ಲಿಯ ದಡದ ಊರು. ಒಂದು ಉಕ್ಕಿನ ಕಾರ್ಖಾನೆ, ಒಂದು ತಾಂತ್ರಿಕ ವಿಶ್ವವಿದ್ಯಾಲಯ, ಕಿರುನಾದ ಗಣಿಯ ಕಡೆಯಿಂದ ಅದಿರು ಹೊತ್ತು ಬರುವ ಉದ್ದುದ್ದದ ರೈಲುಗಳು. ಹೊಸಪೇಟೆಯ ಕಡೆಯಿಂದ ಬಂದ ನನಗೆ ಅದಿರಿನ ಗಾಡಿಗಳೇನೂ ಹೊಸತಲ್ಲ, ಅವುಗಳ ಮೇಲೆ ಕೂರುವ ಧೂಳಿನ ಬಣ್ಣ ಮಾತ್ರ ಬೇರೆ. ಡಿಸೆಂಬರಿನಲ್ಲಿ ಇಲ್ಲಿ ಹಗಲೆಂದರೆ ಮೂರು ಗಂಟೆಯ ಆಸುಪಾಸು. ಉತ್ತರ ಧ್ರುವವೃತ್ತವನ್ನೂ ದಾಟಿ ಮೇಲಿರುವ ಕಿರುನಾದಲ್ಲಿ ಡಿಸೆಂಬರ್ ಎರಡನೆಯ ವಾರದಿಂದ ಹೊಸ ವರ್ಷದ ಹೊತ್ತಿನವರೆಗೆ ಸೂರ್ಯ ದಿಗಂತದ ಮೇಲೆ ತಲೆಯನ್ನೇ ಎತ್ತುವುದಿಲ್ಲ. ಇಂಥ ಕಾಲದಲ್ಲಿ ಜನ ಗ್ರಂಥಾಲಯಗಳಲ್ಲಿ ಓದುಗರ ಬಳಗ ಕಟ್ಟಿಕೊಂಡು ಕೂರುತ್ತಾರೆ. ತಿಂಗಳಿಗೊಂದು ಪುಸ್ತಕ, ಜೊತೆಗೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ನಿಯಮ ಒಂದೇ: ಮೊದಲ ಸುತ್ತಿನಲ್ಲಿ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಿ ಮುಗಿಸುವ ತನಕ ಮತ್ತೊಬ್ಬರು ಬಾಯಿ ಹಾಕಬಾರದು. ನಮ್ಮವರಿಗೆ ಇದು ಕಠಿಣ ಶಿಕ್ಷೆ. ಇಲ್ಲಿಯವರು ಸಲೀಸಾಗಿ ಪಾಲಿಸುತ್ತಾರೆ. ಒಪ್ಪಿಗೆಯಾದರೆ ಉಸಿರನ್ನು ಸುಯ್ಯೆಂದು ಒಳಕ್ಕೆಳೆದುಕೊಳ್ಳುತ್ತಾರೆ, ಅದೇ ಇಲ್ಲಿಯ ‘ಹೌದು’. ಒಪ್ಪಿಗೆಯಿಲ್ಲದಿದ್ದರೆ ಬನ್ನನ್ನು ನೋಡುತ್ತಾರೆ.

ಈ ಚಳಿಗಾಲದಲ್ಲಿ ನಾವು ಓದಿದ್ದು ಓಸಾ ಲಾರ್ಸನ್ ಅವರ ‘ಸೋಲ್‌ಸ್ಟೋರ್ಮ್’. 2003ರಲ್ಲಿ ಬಂದ ಈ ಪುಸ್ತಕ ಆ ವರ್ಷದ ಅತ್ಯುತ್ತಮ ಚೊಚ್ಚಲ ಪತ್ತೇದಾರಿ ಕಾದಂಬರಿಯೆಂದು ಇಲ್ಲಿಯ ಪತ್ತೇದಾರಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಲೇಖಕಿ ಬೆಳೆದದ್ದು ಕಿರುನಾದಲ್ಲಿ, ಬರವಣಿಗೆಗೆ ಇಳಿಯುವ ಮೊದಲು ತೆರಿಗೆ ವಕೀಲರಾಗಿದ್ದರು. ಅವರ ನಾಯಕಿ ರೆಬೆಕಾ ಮಾರ್ಟಿನ್ಸನ್ ಕೂಡ ಕಿರುನಾ ಬಿಟ್ಟು ಬಂದು ಸ್ಟಾಕ್‌ಹೋಮ್‌ನ ದೊಡ್ಡ ಕಚೇರಿಯೊಂದರಲ್ಲಿ ತೆರಿಗೆ ವಕೀಲಿಕೆ ಮಾಡುವವಳು. ಊರಿನಲ್ಲಿ ವಿಕ್ಟರ್ ಎಂಬ ಯುವ ಬೋಧಕನೊಬ್ಬನ ಕೊಲೆಯಾಗುತ್ತದೆ. ಅವನು ಒಮ್ಮೆ ಸತ್ತು ಬದುಕಿದವನೆಂದು, ಸ್ವರ್ಗ ಕಂಡು ಬಂದವನೆಂದು ಹೆಸರಾಗಿ, ಅವನ ಆ ಖ್ಯಾತಿಯ ಮೇಲೆಯೇ ಊರಿನ ಸಣ್ಣಪುಟ್ಟ ಸಭೆಗಳೆಲ್ಲ ಸೇರಿ ಒಂದು ಶ್ರೀಮಂತ ಚರ್ಚು ಎದ್ದು ನಿಂತಿರುತ್ತದೆ. ಆ ಗಾಜಿನ ಚರ್ಚಿನೊಳಗೇ ಅವನ ಹೆಣ. ಅವನ ಅಕ್ಕ ಸನ್ನಾ ಹಳೆಯ ಗೆಳತಿ ರೆಬೆಕಾಳಿಗೆ ಫೋನ್ ಮಾಡುತ್ತಾಳೆ. ಯಾವ ಊರಿಗೆ, ಯಾವ ಸಭೆಗೆ ಮತ್ತೆ ಮುಖ ತೋರಿಸಬಾರದೆಂದು ರೆಬೆಕಾ ಹೊರಟು ಬಂದಿದ್ದಳೋ ಅಲ್ಲಿಗೇ ವಿಮಾನ ಹತ್ತುತ್ತಾಳೆ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ.

ಮೊದಲು ಹಿಮದ ಮಾತು ಮುಗಿಸಿಬಿಡುತ್ತೇನೆ. ನಮ್ಮ ಬಳಗದಲ್ಲಿ ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ದಕ್ಷಿಣದ ಲೇಖಕರು ಉತ್ತರದ ಬಗ್ಗೆ ಬರೆದರೆ ತಾವು ನೋಡುವುದು ಎರಡೇ ಸಂಗತಿ ಎಂದರು. ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಿಗ್ಗೆ ಚಾಲೂ ಆಗಬೇಕಾದರೆ ಎಂಜಿನ್ನಿಗೆ ವಿದ್ಯುತ್ ತಂತಿ ಸಿಕ್ಕಿಸಿ ಬಿಸಿ ಮಾಡಬೇಕು, ಅದು ಲೇಖಕರಿಗೆ ಗೊತ್ತೇ? ಮೈನಸ್ ಇಪ್ಪತ್ತೈದರಲ್ಲಿ ಪಾತ್ರಗಳು ಟೋಪಿಯಿಲ್ಲದೆ ನಿಂತು ಉದ್ದುದ್ದ ಸಂಭಾಷಣೆ ನಡೆಸುತ್ತವೆಯೇ? ಓಸಾ ಲಾರ್ಸನ್ ಪಾಸು ಎಂದು ಹೇಳಿ ಅವರು ಕುಳಿತುಬಿಟ್ಟರು. ಪುಸ್ತಕದ ಆರಂಭದಲ್ಲಿ ವಿಕ್ಟರ್ ಗಾಜಿನ ಮಾಡಿನಾಚೆ ಆಕಾಶದಲ್ಲಿ ಆಡುವ ಧ್ರುವಪ್ರಭೆಯನ್ನು ನೋಡುತ್ತ ಸಾಯುತ್ತಾನೆ. ಆ ಪುಟಗಳನ್ನು ಹೊಗಳಿದ್ದು ನಾನು ಮತ್ತು ಸ್ಟಾಕ್‌ಹೋಮ್‌ನಿಂದ ಬಂದ ವಿದ್ಯಾರ್ಥಿನಿ ಮಾತ್ರ. ಉಳಿದವರ ಅಭಿಪ್ರಾಯದಲ್ಲಿ, ನೆಂಟರು ಬಂದಾಗ ಹೊರತು ಯಾರೂ ಅದಕ್ಕಾಗಿ ಕತ್ತೆತ್ತುವುದಿಲ್ಲ.

ಆಮೇಲೆ ಬಂತು ಧರ್ಮ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಸ್ವೀಡನ್ ಎಂದರೆ ದೇವರನ್ನು ಮರೆತ ದೇಶ ಎಂದು ನಾವು ತಿಳಿದಿರುತ್ತೇವೆ. ಸ್ಟಾಕ್‌ಹೋಮ್‌ನ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಫಿನ್‌ಲೆಂಡ್ ಗಡಿಗೆ ತಾಗಿದ ಈ ಉತ್ತರದಲ್ಲಿ ಲಾರ್ಸ್ ಲೇವಿ ಲೇಸ್ಟಾಡಿಯಸ್ ಎಂಬ ಪಾದ್ರಿ 1840ರ ದಶಕದಲ್ಲಿ ಎಬ್ಬಿಸಿದ ಧರ್ಮಜಾಗೃತಿ ಇನ್ನೂ ಆರಿಲ್ಲ. ಆತ ಸಸ್ಯವಿಜ್ಞಾನಿಯೂ ಹೌದು, ಹೆಂಡದ ಕಡುವೈರಿಯೂ ಹೌದು. ಕರೆಸುವಾಂಡೋ, ಪಯಾಲಾ ಎಂಬ ಹಳ್ಳಿಗಳಲ್ಲಿ ನಿಂತು, ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರಿಗೂ ಫಿನ್ನಿಶ್ ಮಾತನಾಡುವ ರೈತರಿಗೂ ಅವರದೇ ಭಾಷೆಗಳಲ್ಲಿ ಪಾಪದ ಬಗ್ಗೆ ಗುಡುಗಿದ. ಅವನ ಅನುಯಾಯಿಗಳಲ್ಲಿ ಕಟ್ಟುನಿಟ್ಟಿನವರ ಮನೆಗಳಲ್ಲಿ ಇಂದಿಗೂ ಟಿವಿ ಇಲ್ಲ, ಮದ್ಯವಿಲ್ಲ.

ಕಾದಂಬರಿಯ ಗಾಜಿನ ಚರ್ಚು ಈ ಪರಂಪರೆಯದಲ್ಲ. ಅದು ವಾದ್ಯಗೋಷ್ಠಿ, ಪವಾಡ, ಪುಸ್ತಕ ಮತ್ತು ಕ್ಯಾಸೆಟ್ ಮಾರಾಟಗಳ ಹೊಸ ಬಗೆಯ ಸಭೆ. ನಮ್ಮ ಬಳಗದಲ್ಲಿ ಲೇಸ್ಟಾಡಿಯಸ್ ಅನುಯಾಯಿಗಳ ಮನೆಯಲ್ಲಿ ಬೆಳೆದ ಶಿಕ್ಷಕಿಯೊಬ್ಬರಿದ್ದಾರೆ. ಅವರ ಸಿಟ್ಟು ಇದ್ದದ್ದೇ ಇಲ್ಲಿ. ತಮ್ಮ ಅಜ್ಜ ಅಡಿಗೆಮನೆಯಲ್ಲಿ ಕುಳಿತು ಓದುತ್ತಿದ್ದ ಬೈಬಲ್ಲಿಗೂ ಈ ಹಣದ ಚರ್ಚಿಗೂ ಇರುವ ವ್ಯತ್ಯಾಸ ಸ್ಟಾಕ್‌ಹೋಮ್ ಓದುಗರಿಗೆ ತಿಳಿಯುವುದೇ ಇಲ್ಲ, ಅವರು ಉತ್ತರದವರೆಲ್ಲ ಹುಚ್ಚು ಭಕ್ತರು ಎಂದುಕೊಂಡು ಪುಸ್ತಕ ಮುಚ್ಚುತ್ತಾರೆ ಎಂದರು. ಆಕೆಯ ಪಕ್ಕದಲ್ಲೇ ಕುಳಿತಿದ್ದ ಇನ್ನೊಬ್ಬರು ಹರೆಯದಲ್ಲಿ ಇಂಥದ್ದೇ ಹೊಸ ಸಭೆಯೊಂದಕ್ಕೆ ಸೇರಿ ಹೊರಬಂದವರು. ಅವರು ನಿಧಾನವಾಗಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: ಈ ಪುಸ್ತಕದ ಮೂವರು ಪಾದ್ರಿಗಳಲ್ಲಿ ಒಬ್ಬನೂ ರಾಕ್ಷಸನಲ್ಲ, ಎಲ್ಲರೂ ತಾವು ಮಾಡುತ್ತಿರುವುದು ಒಳ್ಳೆಯದೇ ಎಂದು ನಂಬಿದವರು, ಅದನ್ನು ಬರೆಯಬೇಕಾದರೆ ಒಳಗೆ ಕುಳಿತು ನೋಡಿರಬೇಕು.

ನನ್ನ ಮತ ಎರಡನೆಯವರಿಗೆ. ಕಾದಂಬರಿಯನ್ನು ಲೇಖಕಿ ಏಳು ದಿನಗಳಾಗಿ ಒಡೆದಿದ್ದಾರೆ, ಪ್ರತಿ ಭಾಗದ ತಲೆಯ ಮೇಲೂ ಆದಿಕಾಂಡದ ಸೃಷ್ಟಿಕಥೆಯ ಧಾಟಿಯಲ್ಲಿ ಸಂಜೆಯಾಯಿತು, ಬೆಳಗಾಯಿತು, ಇಷ್ಟನೆಯ ದಿನ ಎಂಬ ಸಾಲಿದೆ. ಧರ್ಮವನ್ನು ಹೊರಗಿನಿಂದ ಗೇಲಿ ಮಾಡುವವರು ಇಷ್ಟು ಮುತುವರ್ಜಿಯಿಂದ ಅದರ ಲಯವನ್ನು ಎತ್ತಿಕೊಳ್ಳುವುದಿಲ್ಲ.

ಇಷ್ಟು ಹೊತ್ತೂ ದನಿ ಏರಿರಲಿಲ್ಲ. ಏರಿದ್ದು ಸನ್ನಾಳ ಹೆಸರು ಬಂದಾಗ. ಸನ್ನಾ ಸುಂದರಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ಒಂದು ಕಾಗದಕ್ಕೆ ಸಹಿ ಹಾಕಬೇಕಾದರೂ ಇನ್ನೊಬ್ಬರು ಪಕ್ಕದಲ್ಲಿರಬೇಕು. ಪೊಲೀಸರು ಅವಳನ್ನೇ ಬಂಧಿಸುತ್ತಾರೆ, ಮಕ್ಕಳು ಮತ್ತು ನಾಯಿ ರೆಬೆಕಾಳ ಕೊರಳಿಗೆ ಬೀಳುತ್ತವೆ. ಬಳಗದ ಅರ್ಧದಷ್ಟು ಜನರಿಗೆ ಇವಳನ್ನು ಕಂಡರೆ ಮೈಯೆಲ್ಲ ಉರಿ. ಆ ವಿದ್ಯಾರ್ಥಿನಿಯಂತೂ, ಇಂಥ ಗೆಳತಿಗಾಗಿ ನೌಕರಿಯನ್ನು ಪಣಕ್ಕಿಟ್ಟ ರೆಬೆಕಾ ಬುದ್ಧಿವಂತ ವಕೀಲಳೇ ಅಲ್ಲ, ಕಥೆ ಅಲ್ಲಿಗೇ ನಂಬಲಾಗದಂತಾಯಿತು ಎಂದು ತೀರ್ಪು ಕೊಟ್ಟಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯೊಬ್ಬರು ಆಗ ನಿಯಮ ಮುರಿದು ನಡುವೆ ಬಾಯಿ ಹಾಕಿದರು. ತಮ್ಮ ವಾರ್ಡಿಗೆ ಸನ್ನಾಗಳು ಬರುತ್ತಲೇ ಇರುತ್ತಾರೆ, ಅವರ ಹಿಂದೆ ಚೀಲ ಹೊತ್ತ ರೆಬೆಕಾಗಳೂ ಬರುತ್ತಾರೆ. ಕೈಲಾಗದವರಂತೆ ಕಾಣುವವರಿಗೆ ಎಷ್ಟು ಬಲವಿರುತ್ತದೆ ಎಂಬುದು ಇಪ್ಪತ್ತರ ಹುಡುಗಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಹುಡುಗಿ ಬನ್ನನ್ನು ನೋಡಿದಳು. ಗಣಿಯ ಹಿರಿಯರು ಮಾತ್ರ ಸುಯ್ಯೆಂದು ಉಸಿರೆಳೆದುಕೊಂಡರು.

ಸನ್ನಾಳನ್ನು ನಾನು ಗುರುತಿಸಿದೆ. ನಮ್ಮ ಕುಟುಂಬಗಳಲ್ಲೂ ಒಬ್ಬ ಚಿಕ್ಕಮ್ಮನೋ ಅತ್ತಿಗೆಯೋ ಹೀಗೆ ಇರುತ್ತಾರೆ: ತಾವಾಗಿ ಏನನ್ನೂ ಕೇಳುವುದಿಲ್ಲ, ಆದರೆ ಇಡೀ ಮನೆ ಅವರ ಸುತ್ತ ತಿರುಗುತ್ತಿರುತ್ತದೆ. ಕೊಲೆಯ ಗುಟ್ಟಿಗಿಂತ ಈ ಇಬ್ಬರು ಗೆಳತಿಯರ ಗುಟ್ಟೇ ಪುಸ್ತಕದ ಬೆನ್ನೆಲುಬು ಎಂಬುದು ನನ್ನ ಅಭಿಪ್ರಾಯ.

ಎಲ್ಲರೂ ಒಮ್ಮತದಿಂದ ಮೆಚ್ಚಿದ್ದು ಪೊಲೀಸ್ ಇನ್‌ಸ್ಪೆಕ್ಟರ್ ಅನ್ನಾ-ಮರಿಯಾ ಮೆಲ್ಲಾಳನ್ನು. ತುಂಬು ಗರ್ಭಿಣಿ, ಕಚೇರಿಯ ಕೆಲಸ ಮಾತ್ರ ಮಾಡಿಕೊಂಡಿರು ಎಂದರೂ ಕೇಳದೆ ಹೆಣ ನೋಡಲು ಹೋಗುವವಳು. ಬಾಡಿಗೆ ಗ್ರಂಥಾಲಯದಿಂದ ತಂದ ಎನ್. ನರಸಿಂಹಯ್ಯನವರ ಪುಸ್ತಕಗಳಲ್ಲಿ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮ ಹಿರಿಯರು ಇವಳನ್ನು ಹೇಗೆ ಸ್ವೀಕರಿಸುತ್ತಿದ್ದರೋ! ಪುರುಷೋತ್ತಮನಿಗೆ ಸೊಂಟನೋವು ಬಂದದ್ದನ್ನು ನಾನಂತೂ ಓದಿಲ್ಲ. ಸರ್ಕಾರಿ ವಕೀಲ ಕಾರ್ಲ್ ಫಾನ್ ಪೋಸ್ಟ್ ಎಂಬ ಠಾಕುಠೀಕಿನ ಮನುಷ್ಯ ಮುಗ್ಗರಿಸಿದಾಗಲೆಲ್ಲ ಬಳಗ ಸಂತೋಷಪಟ್ಟಿತು. ಉತ್ತರದವರಿಗೆ ಇದರಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಆಗುತ್ತದೆ: ಅದಿರು, ಮರ, ನದಿಗಳ ವಿದ್ಯುತ್ತು ಎಲ್ಲ ಇಲ್ಲಿಂದ, ತೀರ್ಮಾನ ಮಾತ್ರ ಸ್ಟಾಕ್‌ಹೋಮ್‌ನಿಂದ.

ಕೊನೆಯ ಐವತ್ತು ಪುಟಗಳ ಬಗ್ಗೆ ಯಾರಿಗೂ ಹೆಚ್ಚು ಉತ್ಸಾಹವಿರಲಿಲ್ಲ, ನನಗೂ ಇಲ್ಲ. ಅಷ್ಟು ಹೊತ್ತು ತಾಳ್ಮೆಯಿಂದ ಮನುಷ್ಯರನ್ನು ನೋಡುತ್ತಿದ್ದ ಪುಸ್ತಕ ಇದ್ದಕ್ಕಿದ್ದಂತೆ ಸಿನಿಮಾದ ಕ್ಲೈಮ್ಯಾಕ್ಸಿಗೆ ಓಡುತ್ತದೆ. 2007ರಲ್ಲಿ ಇದು ನಿಜಕ್ಕೂ ಸಿನಿಮಾ ಆಯಿತು.

ಊರಿನ ಮಾತು ಎತ್ತಿದವರು ಗಣಿಯ ಹಿರಿಯರೇ. ಇದನ್ನು ನಾನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ಕಾದಂಬರಿ ಬಂದದ್ದು 2003ರಲ್ಲಿ. ಮರುವರ್ಷವೇ ಕಿರುನಾದ ಜನರಿಗೆ ಸುದ್ದಿ ತಲುಪಿತು: ಕಬ್ಬಿಣದ ಗಣಿ ಊರಿನ ಅಡಿಗೇ ಇಳಿದು ಬರುತ್ತಿದೆ, ನೆಲ ಬಿರಿಯುತ್ತಿದೆ, ಊರಿನ ನಡುಭಾಗವನ್ನೇ ಸರಿಸಬೇಕು. 1900ರಲ್ಲಿ ಗಣಿಗಾಗಿ ಹುಟ್ಟಿದ ಊರು ಗಣಿಗಾಗಿಯೇ ಎದ್ದು ಹೊರಟಿತು. 1963ರ ನಗರಸಭಾ ಕಟ್ಟಡವನ್ನು ಕೆಡವಿದರು. ಹೊಸ ಪೇಟೆ 2022ರಲ್ಲಿ ತೆರೆಯಿತು. 1912ರಲ್ಲಿ ಕಟ್ಟಿ ಮುಗಿಸಿದ, ಸಾಮಿ ಗುಡಿಸಲನ್ನು ನೆನಪಿಸುವ ಕೆಂಪು ಮರದ ಚರ್ಚನ್ನು 2025ರ ಆಗಸ್ಟ್ 19 ಮತ್ತು 20ರಂದು ಇಡಿಯಾಗಿ ಎತ್ತಿ, ಚಕ್ರಗಳ ಮೇಲಿರಿಸಿ, ಐದು ಕಿಲೋಮೀಟರ್ ಆಚೆ ಒಯ್ದರು. 670 ಟನ್ನಿಗೂ ಮಿಕ್ಕಿದ ಭಾರ. ದೇಶವೇ ಟಿವಿಯ ಮುಂದೆ ಕುಳಿತು ಅದು ತೆವಳುವುದನ್ನು ನೋಡಿತು. ಕಾದಂಬರಿಯ ಗಾಜಿನ ಚರ್ಚು ಲೇಖಕಿಯ ಕಲ್ಪನೆ, ಈ ಕೆಂಪು ಚರ್ಚಲ್ಲ. ತಮಾಷೆಯೆಂದರೆ ಹೊಸ ಪೇಟೆಯಲ್ಲಿ ಎದ್ದ ನಗರಸಭೆಯ ಹೆಸರೇ ‘ಸ್ಫಟಿಕ’. ಕಾದಂಬರಿಯ ಚರ್ಚಿನ ಹೆಸರಿನಲ್ಲೂ ಸ್ಫಟಿಕವಿದೆ.

ಹಿರಿಯರು ಈ ಪುಸ್ತಕವನ್ನು ಎರಡನೆಯ ಸಲ ಓದಿದ್ದು ಕೊಲೆಗಾರನಿಗಾಗಿ ಅಲ್ಲವಂತೆ. ರೆಬೆಕಾ ಯಾವ ಬೀದಿಯಲ್ಲಿ ಕಾರು ತಿರುಗಿಸಿದಳು, ಯಾವ ಮೂಲೆಯಲ್ಲಿ ನಿಲ್ಲಿಸಿದಳು ಎಂದು ಬೆರಳಿಟ್ಟುಕೊಂಡು ಓದಿದರಂತೆ. ದಕ್ಷಿಣದ ಓದುಗರಿಗೆ ಅವು ಬಾಯಿಗೆ ಬಾರದ ಹೆಸರುಗಳು, ಹಾರಿಸಿ ಮುಂದೆ ಹೋಗುವ ಸಾಲುಗಳು. ನನ್ನ ಅಜ್ಜಿಯ ತವರು ನಾರಾಯಣದೇವರಕೆರೆ ತುಂಗಭದ್ರೆಯ ಹಿನ್ನೀರಿನೊಳಗಿದೆ. ಆ ಊರಿನ ಬೀದಿಗಳನ್ನು ಯಾವ ಪತ್ತೇದಾರಿ ಕಾದಂಬರಿಕಾರನೂ ಬರೆದಿಡಲಿಲ್ಲವಲ್ಲ ಎಂದು ಆ ಸಂಜೆ ನನಗೆ ಹೊಟ್ಟೆಕಿಚ್ಚಾಯಿತು.

ಓದಬೇಕೆನ್ನುವವರಿಗೆ ಒಂದು ಸೂಚನೆ. ಇಂಗ್ಲಿಷಿನಲ್ಲಿ ಇದೇ ಪುಸ್ತಕ ಅಮೆರಿಕದಲ್ಲಿ ‘ಸನ್ ಸ್ಟಾರ್ಮ್’ ಎಂದೂ ಬ್ರಿಟನ್ನಿನಲ್ಲಿ ‘ದ ಸ್ಯಾವೇಜ್ ಆಲ್ಟರ್’ ಎಂದೂ ಬಂದಿದೆ. ಎರಡು ಬೇರೆ ಕಾದಂಬರಿಗಳೆಂದು ಎರಡನ್ನೂ ಕೊಳ್ಳಬೇಡಿ. ಹಿಮ ಬೇಕೇಬೇಕೆನ್ನುವವರು ಈ ಒಂದಕ್ಕೇ ನಿಲ್ಲುವುದು ಒಳ್ಳೆಯದು, ಏಕೆಂದರೆ ಇದರ ಮುಂದಿನ ಪುಸ್ತಕದ ಕೊಲೆ ನಡೆಯುವುದು ಬೇಸಿಗೆಯಲ್ಲಿ, ಸೂರ್ಯ ಮುಳುಗದ ಕಾಲದಲ್ಲಿ. ಪಾದ್ರಿಯಾಗಿದ್ದ ಹೆಂಗಸೊಬ್ಬಳ ಕೊಲೆ ಅದರ ವಸ್ತು. ಬೇಸಿಗೆಯ ಕೊಲೆಯೇ ಹೆಚ್ಚು ಭಯಂಕರ, ಬಚ್ಚಿಟ್ಟುಕೊಳ್ಳಲು ಕತ್ತಲೇ ಇರುವುದಿಲ್ಲವಲ್ಲ ಎನ್ನುತ್ತಾರೆ ದಾದಿ. ಮುಂದಿನ ತಿಂಗಳಿಗೆ ಅದನ್ನೇ ಆರಿಸಿಕೊಂಡೆವು. ಪ್ರತಿಗಳನ್ನು ಹಂಚುತ್ತಿರುವಾಗಲೇ ಗಣಿಯ ಹಿರಿಯರು, ತಾವು ಅದನ್ನು ಆಗಲೇ ಓದಿರುವುದಾಗಿ ಹೇಳಿ, ಕೊಲೆಗಾರನ ಹೆಸರನ್ನೂ ಹೇಳಿಬಿಟ್ಟರು. ಶಿಕ್ಷಕಿ ಪ್ರತಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ನಾನು ತಂದಿದ್ದೇನೆ, ಅರ್ಧ ಓದಿದ್ದೇನೆ, ಹಿರಿಯರು ಹೇಳಿದ್ದು ಸುಳ್ಳಿರಬಹುದು ಎಂಬ ಅನುಮಾನವಿದೆ.