ಇರುಳು ಬಕದ ಪಕ್ಕದಲ್ಲಿ ಗಾಳ ಹಾಕಿದ ಬೇಸಿಗೆ

ಕಳೆದ ಬೇಸಿಗೆಯಲ್ಲಿ ಹತ್ತು ವಾರಗಳ ಕಾಲ ನಾನು ಶಿಕಾಗೋ ನಗರದ ಉದ್ಯಾನಗಳಲ್ಲಿ ಮಕ್ಕಳಿಗೂ ಅವರ ಮನೆಯವರಿಗೂ ಗಾಳ ಹಾಕುವುದನ್ನು ಮತ್ತು ಹಕ್ಕಿ ನೋಡುವುದನ್ನು ಕಲಿಸುವ ಕೆಲಸ ಮಾಡಿದೆ. ಸ್ನಾತಕೋತ್ತರ ಪದವಿಗೆ ಒಂದು ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು ಪ್ರಯೋಗಾಲಯಗಳನ್ನೋ ನಕ್ಷೆ ತಯಾರಿಸುವ ಕಚೇರಿಗಳನ್ನೋ ಆರಿಸಿಕೊಂಡರೆ, ತುಂಗೆಯ ದಡದಲ್ಲಿ ಬೆಳೆದ ನನಗೆ ನೀರಿನ ಬದಿಯ ಈ ಕೆಲಸವೇ ಬೇಕೆನಿಸಿತು. ತೀರ್ಥಹಳ್ಳಿಗೆ ಫೋನ್ ಮಾಡಿ ವಿಷಯ ತಿಳಿಸಿದಾಗ ಅಪ್ಪಯ್ಯ, “ಗಾಳ ಹಾಕೋದನ್ನ ಕಲಿಸೋಕೂ ಅಲ್ಲಿ ಸಂಬಳ ಕೊಡ್ತಾರಾ?” ಎಂದು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೂ ಹೊಸ ಸಂಗತಿಯೊಂದು ತಿಳಿಯಿತು. 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಗಾಳದ ಕೋಲು, ರೀಲು ಮುಂತಾದ ಸಾಮಗ್ರಿಗಳ ಮೇಲಿನ ತೆರಿಗೆಯ ಹಣವು ರಾಜ್ಯಗಳ ಮೀನು ಸಂರಕ್ಷಣೆಯ ಕೆಲಸಕ್ಕೇ ಹೋಗಬೇಕು. 1984ರ ತಿದ್ದುಪಡಿಯ ನಂತರ ಅದರ ಒಂದು ಪಾಲನ್ನು ಜನರಿಗೆ ನೀರಿನ ಬದುಕಿನ ಬಗ್ಗೆ ತಿಳಿಸಿಕೊಡಲು ಬಳಸಲು ಅವಕಾಶವಾಯಿತು. ಮೀನು ಹಿಡಿಯುವವನು ಕೊಟ್ಟ ಹಣ ಮೀನಿಗೇ ಮರಳುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ನಮ್ಮ ಹೆಚ್ಚಿನ ಕಾರ್ಯಕ್ರಮಗಳು ನಡೆದದ್ದು ನಗರದ ಪಶ್ಚಿಮ ಭಾಗದ ಹಂಬೋಲ್ಟ್ ಪಾರ್ಕಿನಲ್ಲಿ. ಡೆನ್ಮಾರ್ಕಿನಿಂದ ಬಂದು ಶಿಕಾಗೋದ ಉದ್ಯಾನಗಳಿಗೆ ಹೊಸ ರೂಪ ಕೊಟ್ಟ ಜೆನ್ಸ್ ಜೆನ್ಸನ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಕೊಳವನ್ನು ಆ ಪ್ರದೇಶದ ಹುಲ್ಲುಗಾವಲಿನ ಹೊಳೆಯಂತೆ ಹರಿಯಬಿಟ್ಟರು. ಅದರ ಸುತ್ತ ಈಗ ಬಹುಕಾಲದಿಂದ ಪೋರ್ಟೊರಿಕೊ ಮೂಲದ ಕುಟುಂಬಗಳು ನೆಲೆಸಿವೆ. 2019ರ ಜುಲೈನಲ್ಲಿ ಈ ಕೊಳದಲ್ಲಿ ಯಾರೋ ತಂದು ಬಿಟ್ಟಿದ್ದ ಮೊಸಳೆ ಜಾತಿಯ ಆಲಿಗೇಟರ್ ಕಾಣಿಸಿಕೊಂಡಿತ್ತು. ಅದನ್ನು ಹಿಡಿದು ಫ್ಲೋರಿಡಾಕ್ಕೆ ಸಾಗಿಸಿ ವರ್ಷಗಳೇ ಕಳೆದಿದ್ದರೂ, ನೀರಿಗೆ ಇಳಿಯುವ ಮೊದಲು ಅದರ ಬಗ್ಗೆ ವಿಚಾರಿಸದ ಮಗುವೇ ಇರಲಿಲ್ಲ.

ಮೊದಲ ಎರಡು ವಾರ ಹಕ್ಕಿ ವೀಕ್ಷಣೆ ಒಂದು ದಿನ, ಗಾಳ ಇನ್ನೊಂದು ದಿನ ಎಂದು ಬೇರೆ ಬೇರೆಯಾಗಿ ನಡೆಸಿದೆವು. ಹಕ್ಕಿ ನೋಡಲು ಬಂದವರು ಬೆಲೆಬಾಳುವ ದುರ್ಬೀನು ಹೊತ್ತ ಏಳೆಂಟು ಮಂದಿ ಹಿರಿಯರು. ಹೆಚ್ಚಿನವರು ದೂರದ ಬಡಾವಣೆಗಳಿಂದ ಕಾರಿನಲ್ಲಿ ಬಂದಿದ್ದರು. ಗಾಳ ಹಾಕಲು ಬಂದವರು ಪಕ್ಕದ ಬೀದಿಗಳ ತಾಯಂದಿರು, ಅಜ್ಜಿಯರು ಮತ್ತು ಲೆಕ್ಕವಿಲ್ಲದಷ್ಟು ಮಕ್ಕಳು. ಒಂದೇ ಕೊಳದ ದಡಕ್ಕೆ ಬಂದವರು ಒಬ್ಬರ ಮುಖವನ್ನು ಒಬ್ಬರು ನೋಡದೆ ಹೋಗುತ್ತಿದ್ದುದು ನನಗೆ ಸರಿಯೆನಿಸಲಿಲ್ಲ. ಎರಡನ್ನೂ ಒಂದೇ ಬೆಳಿಗ್ಗೆ ನಡೆಸೋಣವೆಂದು ಕೇಳಿಕೊಂಡೆ. ಹೆಚ್ಚು ತಕರಾರಿಲ್ಲದೆ ಒಪ್ಪಿಗೆ ಸಿಕ್ಕಿತು.

ಗಾಳದ ಪಾಠ ನೋಡಲು ಸರಳ, ಮಾಡಲು ಸೂಕ್ಷ್ಮ. ಗಾಳದ ಮೊನೆಯ ಬಳಿ ಹಿಂದಕ್ಕೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನಿನ ಬಾಯಿ ಹರಿಯದೆ ಗಾಳ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಎರೆಹುಳುವನ್ನು ಇಡಿಯಾಗಿ ಜೋತುಬಿಡದೆ ಸಣ್ಣ ತುಂಡನ್ನಷ್ಟೇ ಸಿಕ್ಕಿಸಬೇಕು, ಬೆಂಡು ಒಮ್ಮೆ ಅಲುಗಿದ ಮಾತ್ರಕ್ಕೆ ಎಳೆಯದೆ ಅದು ಮುಳುಗುವವರೆಗೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೀನನ್ನು ಮುಟ್ಟುವ ಮೊದಲು ಕೈಯನ್ನು ಕೊಳದ ನೀರಿನಲ್ಲಿ ಅದ್ದಿಕೊಳ್ಳಬೇಕು, ಏಕೆಂದರೆ ಒಣ ಕೈ ತಾಗಿದರೆ ಮೀನನ್ನು ರೋಗಗಳಿಂದ ಕಾಯುವ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ನಮಗೆ ಹೆಚ್ಚಾಗಿ ಸಿಗುತ್ತಿದ್ದುದು ಇಲಿನಾಯ್ ರಾಜ್ಯದ ಅಧಿಕೃತ ಮೀನಾದ ಬ್ಲೂಗಿಲ್. ಅಂಗೈಯಗಲದ ಚಪ್ಪಟೆ ಮೈ, ಕಿವಿರಿನ ಮುಚ್ಚಳದ ತುದಿಯಲ್ಲೊಂದು ಕಪ್ಪು ಮಚ್ಚೆ, ಬೆನ್ನಿನ ಮೇಲೆ ಚುಚ್ಚುವ ಮುಳ್ಳುಗಳು. ತಲೆಯ ಕಡೆಯಿಂದ ಕೈ ಜಾರಿಸಿ ಆ ಮುಳ್ಳುಗಳನ್ನು ಹಿಂದಕ್ಕೆ ಮಡಚುವುದನ್ನು ಕಲಿತ ದಿನ ಮಕ್ಕಳ ಮುಖದಲ್ಲಿ ಕಾಣುತ್ತಿದ್ದ ಧೈರ್ಯವನ್ನು ನಾನು ಮರೆಯಲಾರೆ. ಜೂನ್ ತಿಂಗಳಲ್ಲಿ ದಡದ ಆಳವಿಲ್ಲದ ನೀರಿನಲ್ಲಿ ತಟ್ಟೆಯಾಕಾರದ ಗುಂಡಿಗಳು ಸಾಲಾಗಿ ಕಾಣುತ್ತಿದ್ದವು. ಗಂಡು ಬ್ಲೂಗಿಲ್ ಬಾಲದಿಂದ ಕೆಸರು ಗುಡಿಸಿ ಮಾಡಿಕೊಂಡ ಗೂಡುಗಳು ಅವು. ಮೊಟ್ಟೆಗಳನ್ನು ಅದು ಅಲ್ಲೇ ನಿಂತು ಕಾಯುತ್ತದೆ. ಆ ಜಾಗಗಳಿಗೆ ಗಾಳ ಎಸೆಯಬಾರದೆಂದು ನಾವೇ ನಿಯಮ ಮಾಡಿಕೊಂಡೆವು.

ಒಂದು ಬೆಳಿಗ್ಗೆ ಅಜ್ಜಿಯೊಬ್ಬರ ಗಾಳಕ್ಕೆ ಮೊಳದುದ್ದದ ಕಂಚಿನ ಬಣ್ಣದ ಮೀನು ಸಿಕ್ಕಿತು. ಅದು ನಮ್ಮ ಕೆರೆಗಳಿಗೆ ಮೀನುಗಾರಿಕೆ ಇಲಾಖೆ ತಂದು ಬಿಡುವ ಸಾಮಾನ್ಯ ಗೆಂಡೆಯೇ. 1870ರ ದಶಕದಲ್ಲಿ ಅಮೆರಿಕದ ಸರ್ಕಾರವೂ ಅದನ್ನು ಯುರೋಪಿನಿಂದ ತರಿಸಿ ಹಂಚಿತ್ತು. ಅದು ಕೆಸರು ಕೆದಕಿ ನೀರನ್ನು ಬಗ್ಗಡ ಮಾಡುತ್ತದೆಂದು ಇಂದು ಅಲ್ಲಿ ಯಾರಿಗೂ ಅದು ಬೇಡವಾಗಿದೆ. ಅಜ್ಜಿಗೆ ಮಾತ್ರ ಅದನ್ನು ಕಂಡು ಆದ ಸಂತೋಷ ನಮ್ಮೂರಿನವರದೇ ಆಗಿತ್ತು.

ಇನ್ನು ಇರುಳು ಬಕದ ವಿಷಯ. ಶಾಲೆಯ ಪ್ರವಾಸದಲ್ಲಿ ರಂಗನತಿಟ್ಟಿನ ದೋಣಿಯಿಂದ ನಾನು ಮೊದಲ ಬಾರಿ ಕಂಡ ಅದೇ ಹಕ್ಕಿ, ಕಪ್ಪು ನೆತ್ತಿ, ಕಪ್ಪು ಬೆನ್ನು, ಕೆಂಪು ಕಣ್ಣು, ತಲೆಯ ಹಿಂದೆ ಇಳಿಬಿದ್ದ ಬಿಳಿಯ ಗರಿಗಳೊಂದಿಗೆ ಸಾವಿರಾರು ಮೈಲಿಯಾಚೆಯ ಕೊಳದಲ್ಲಿ ಕುತ್ತಿಗೆ ಕುಗ್ಗಿಸಿ ನಿಂತಿತ್ತು. ಇಲಿನಾಯ್‌ನಲ್ಲಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿದ ಹಕ್ಕಿ. ಆದರೂ ಲಿಂಕನ್ ಪಾರ್ಕ್ ಮೃಗಾಲಯದ ಮರಗಳಲ್ಲಿ, ಜನಜಂಗುಳಿಯ ನೆತ್ತಿಯ ಮೇಲೆಯೇ, ನೂರಾರು ಬಕಗಳು ಪ್ರತಿವರ್ಷ ಗೂಡು ಕಟ್ಟುತ್ತವೆ. ಗಾಳ ಹಿಡಿದ ಮಕ್ಕಳಿಗೆ ಈ ಹಕ್ಕಿಯನ್ನು ಪರಿಚಯಿಸಲು ಪುಸ್ತಕ ಬೇಕಾಗಲಿಲ್ಲ. ಅದೂ ತಮ್ಮಂತೆಯೇ ಬೆಂಡಿನ ಕಡೆ ಕಣ್ಣಿಟ್ಟವರ ಹಾಗೆ ನೀರನ್ನು ನೋಡುತ್ತಾ ನಿಂತಿದೆಯೆಂಬುದು ಅವರಿಗೆ ತಾನಾಗಿಯೇ ಹೊಳೆಯಿತು. ದುರ್ಬೀನು ಹೊತ್ತ ಹಿರಿಯರು ಅದನ್ನು ಮಕ್ಕಳ ಕಣ್ಣಿಗೆ ಹಿಡಿದು ತೋರಿಸತೊಡಗಿದರು. ಮಕ್ಕಳು ಅವರ ಕೈಗೆ ಎರೆಹುಳು ಕೊಟ್ಟರು.

ಜುಲೈ ನಡುವಿನ ಒಂದು ಶನಿವಾರ ಒಬ್ಬ ಹುಡುಗನ ದಾರ ನೀರಿನತ್ತ ಬಾಗಿದ್ದ ಮರದ ಕೊಂಬೆಗೆ ಸುತ್ತಿಕೊಂಡಿತು. ಎಳೆದರೂ ಬರಲಿಲ್ಲ. ಮಕ್ಕಳು ಕಾಯುತ್ತಿದ್ದರು, ಹೊತ್ತಾಗಿತ್ತು. ನಾನು ದಾರವನ್ನು ಕತ್ತರಿಸಿ, ನಂತರ ಏಣಿ ತಂದು ತೆಗೆದರಾಯಿತೆಂದುಕೊಂಡೆ. ತೆಗೆಯಲಿಲ್ಲ. ಬುಧವಾರ ಬೆಳಿಗ್ಗೆ ಹೋದಾಗ ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳಿದ್ದ ಎಳೆಯ ಇರುಳು ಬಕವೊಂದು ಅದೇ ಕೊಂಬೆಯಿಂದ ಒಂದು ರೆಕ್ಕೆಯಲ್ಲಿ ನೇತಾಡುತ್ತಿತ್ತು. ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಸ್ವಯಂಸೇವಕರು ಬಂದು ಕೆಳಗಿಳಿಸಿದಾಗ ಅದಕ್ಕೆ ಜೀವವಿತ್ತು. ಸಂಜೆಯ ಹೊತ್ತಿಗೆ ಸತ್ತಿತೆಂದು ಫೋನ್ ಬಂತು. ಕೂದಲಿನಷ್ಟು ತೆಳುವಾದ ಆ ನೈಲಾನ್ ದಾರ ರೆಕ್ಕೆಯ ಬುಡದಲ್ಲಿ ಮೂಳೆಯವರೆಗೂ ಕೊಯ್ದಿತ್ತಂತೆ.

ಮುಂದಿನ ಶನಿವಾರ ನಡೆದದ್ದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿದೆ. ತಪ್ಪು ನನ್ನದು, ದಾರ ಸಿಕ್ಕಿಸಿಕೊಂಡ ಹುಡುಗನದಲ್ಲ ಎಂಬುದನ್ನು ಅವನ ತಾಯಿಯ ಎದುರಿಗೇ ಹೇಳಿದೆ. ಅಂದಿನಿಂದ ಕೆಲಸದ ಕ್ರಮವೇ ಬದಲಾಯಿತು. ಎರಡು ಅಡಿ ಉದ್ದದ ಪಿವಿಸಿ ಪೈಪಿನ ಕೆಳಬಾಯಿಗೆ ಮುಚ್ಚಳ ಹಾಕಿ ದಡದ ಬೇಲಿಗೆ ಕಟ್ಟಿದೆವು. ಬಿದ್ದ ದಾರವನ್ನೆಲ್ಲ ಬೆರಳಿಗೆ ಸುತ್ತಿ ಅದರೊಳಗೆ ತುರುಕುವುದು ಮಕ್ಕಳ ಕೆಲಸ. ಗಾಳವನ್ನು ಮುಳುಗಿಸಲು ದಾರಕ್ಕೆ ಕಟ್ಟುವ, ಹಕ್ಕಿಗಳು ನುಂಗಿದರೆ ವಿಷವಾಗುವ ಸೀಸದ ಗುಂಡುಗಳನ್ನು ಯಾರಾದರೂ ತಂದರೆ ಪಡೆದುಕೊಂಡು ತವರದ ಗುಂಡು ಕೊಡುತ್ತಿದ್ದೆವು. ಹಕ್ಕಿ ನೋಡುವ ಹಿರಿಯರು ದುರ್ಬೀನಿನಿಂದ ಮರಗಳನ್ನು ಜಾಲಾಡಿ, ಯಾವ ಕೊಂಬೆಯಲ್ಲಿ ದಾರವಿದೆಯೆಂದು ಗುರುತಿಸಿ ಕೊಡುತ್ತಿದ್ದರು. ಉದ್ದನೆಯ ಕೋಲಿಗೆ ಕುಡುಗೋಲು ಕಟ್ಟಿ ದಾರ ಕೀಳುವ ಉಪಾಯ ಮಾತ್ರ ಅಪ್ಪಯ್ಯನದು. ಅಡಿಕೆ ಕೊನೆ ತೆಗೆಯುವ ದೋಟಿಯನ್ನು ನೆನಪಿಸಿ ಫೋನಿನಲ್ಲೇ ಹೇಳಿಕೊಟ್ಟರು.

ಆಗಸ್ಟ್‌ನಲ್ಲಿ ನನ್ನ ಕೊನೆಯ ಶನಿವಾರದಂದು ಒಂಬತ್ತು ಮಕ್ಕಳು ಸಾಲಾಗಿ ಗಾಳ ಹಾಕಿ ಕುಳಿತಿದ್ದರು. ಒಂದು ಎಳೆಯ ಬಕ ಹಾರಿಬಂದು ಅವರ ಬೆಂಡುಗಳಿಂದ ಹತ್ತು ಹೆಜ್ಜೆ ದೂರದಲ್ಲಿ, ಜೊಂಡಿನ ಅಂಚಿನಲ್ಲಿ ಇಳಿಯಿತು. ಮರಕ್ಕೆ ದಾರ ಸಿಕ್ಕಿಸಿಕೊಂಡಿದ್ದ ಹುಡುಗ ಮೊದಲು ರೀಲು ಸುತ್ತಿ ಗಾಳವನ್ನು ಮೇಲಕ್ಕೆತ್ತಿದ. ನಾನು ಏನೂ ಹೇಳಿರಲಿಲ್ಲ. ಒಬ್ಬೊಬ್ಬರಾಗಿ ಉಳಿದ ಎಂಟು ಮಂದಿಯೂ ಎತ್ತಿಕೊಂಡು, ಕೋಲುಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತರು. ಸುಮಾರು ಕಾಲು ಗಂಟೆಯಾದ ಮೇಲೆ ಅದು ಕೊಕ್ಕು ಚುಚ್ಚಿ ಸಣ್ಣ ಬ್ಲೂಗಿಲ್ ಒಂದನ್ನು ಹಿಡಿದು, ತಲೆಯ ಕಡೆಯಿಂದ ನುಂಗಿ, ಆಚೆ ದಡಕ್ಕೆ ಹಾರಿತು. ಅದು ಕುಳಿತದ್ದನ್ನು ನೋಡಿಕೊಂಡು ಮಕ್ಕಳು ಮತ್ತೆ ಗಾಳ ಎಸೆದರು.