ಚೀಲದೊಳಗೆ ಹತ್ತು ಕಲ್ಲು

ಹವಾಮಾನ ಬದಲಾವಣೆ ಬಗ್ಗೆ ರೈತರಿಗೆ ತಿಳಿಸಿಕೊಡೋದು ನನ್ನ ಕೆಲಸ. ಶುರುವಿನಲ್ಲಿ ಪರದೆ ಹಾಕಿ, ಭೂಮಿ ಬಿಸಿಯಾಗುವ ಗ್ರಾಫ್ ತೋರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಒಂದು ದಿನ ಒಬ್ಬರು ಎದ್ದು ನಿಂತು, "ಅದೆಲ್ಲ ಸರಿ, ನಾನು ಬಿತ್ತೋದು ಯಾವಾಗ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮಳೆ ಮಾಪಕ ತಗೊಂಡು ಹೋಗುತ್ತೇನೆ. ನೆಲದ ಮೇಲೆ ಒಂದು ಚದರ ಮೀಟರ್ ಗೆರೆ ಎಳೆಯುತ್ತೇವೆ. ಅಷ್ಟು ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ ಒಂದು ಎಕರೆಗೆ 25 ಮಿಲಿಮೀಟರ್ ಬಿದ್ದರೆ? ಹತ್ತಿರ ಹತ್ತಿರ 1 ಲಕ್ಷ ಲೀಟರ್! ಲೆಕ್ಕ ಅವರೇ ಹಾಕುತ್ತಾರೆ. "ಅಷ್ಟೂ ನೀರು ಎಲ್ಲಿಗೆ ಹೋಯ್ತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬದು, ನೆಲಕ್ಕೆ ಸೊಪ್ಪು-ಕಸದ ಮುಚ್ಚಿಗೆ, ಹೊಂಡದ ಮಾತು ಅಲ್ಲಿಂದ ತಾನಾಗಿ ಹೊರಡುತ್ತದೆ.

ಇದೇನೂ ಹೊಸ ದಾರಿಯಲ್ಲ. 1989ರಲ್ಲಿ ಇಂಡೊನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ನೆರವಿನಿಂದ ರೈತರ ಹೊಲ ಶಾಲೆಗಳು ಶುರುವಾದವು. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಿತ್ತು. ರೈತರು ವಾರ ವಾರ ಗದ್ದೆಗಿಳಿದು ಹುಳು ಎಣಿಸಿ, ಔಷಧಿ ಬೇಕೋ ಬೇಡವೋ ತಾವೇ ತೀರ್ಮಾನಿಸಲು ಕಲಿತರು. ಮುಂದೆ ಅಲ್ಲೇ ಹವಾಮಾನಕ್ಕೂ ಇಂಥ ಶಾಲೆಗಳು ಬಂದವು.

ಕಷ್ಟದ ಪಾಠ ಅಂದರೆ ಮುನ್ಸೂಚನೆಯದು. "ಮಳೆ ಕಡಿಮೆಯಾಗುವ ಸಂಭವ ಶೇ 70" ಅಂದರೆ "ಮಳೆ ಇಲ್ಲ" ಅಂತಲೇ ಕೇಳಿಸುತ್ತದೆ. ಅದಕ್ಕೇ ಒಂದು ಚೀಲದಲ್ಲಿ 7 ಕರಿ ಕಲ್ಲು, 3 ಬಿಳಿ ಕಲ್ಲು ಹಾಕುತ್ತೇನೆ. ಕರಿ ಅಂದರೆ ಕಡಿಮೆ ಮಳೆ, ಬಿಳಿ ಅಂದರೆ ಮಳೆ ಕಡಿಮೆಯಾಗದ ವರ್ಷ. ಕಣ್ಣು ಮುಚ್ಚಿ ಒಂದು ತೆಗೆಯಬೇಕು, ವಾಪಸ್ ಹಾಕಿ ಮತ್ತೆ ತೆಗೆಯಬೇಕು. ಒಬ್ಬ ರೈತ ಮಹಿಳೆಗೆ ಎರಡು ಸಲವೂ ಬಿಳಿ ಕಲ್ಲೇ ಬಂತು. ಕಲ್ಲನ್ನು ಅಂಗೈಯಲ್ಲಿ ಉರುಳಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಪೂರ್ತಿ ಹೊಲಕ್ಕೆ ಒಂದೇ ಬೆಳೆ ಹಾಕಬಾರದು, ಅಲ್ವಾ?" ಅಂದರು. ಅರ್ಧ ಹೊಲಕ್ಕೆ ಬೇಗ ಬರುವ ತಳಿ ಬಿತ್ತೋದು, ಮೊದಲ ಬಿತ್ತನೆ ಕೈಕೊಟ್ಟರೆ ಅಂತ ಸ್ವಲ್ಪ ಬೀಜ ಎತ್ತಿಡೋದು. ಆವತ್ತೇ ಬರೆದುಕೊಂಡರು.

ಯೋಜನೆ ಬರೆಸಿ ಬಂದರೆ ಸಾಲದು, ಸುಗ್ಗಿ ಮುಗಿದ ಮೇಲೂ ಹೋಗಬೇಕು. ಮುನ್ಸೂಚನೆ ತಪ್ಪಿದ ವರ್ಷವಂತೂ ಖಂಡಿತ ಹೋಗಬೇಕು. ಅಂಥದ್ದೊಂದು ವರ್ಷ ಆ ರೈತ ಮಹಿಳೆಯ ಮಳೆ ಪುಸ್ತಕ ತೆರೆದು ನೋಡಿದೆ. ತಾರೀಕು, ಮಳೆ ಅಂತ ನಾನು ಎರಡೇ ಕಾಲಂ ಹಾಕಿಕೊಟ್ಟಿದ್ದೆ. ಪಕ್ಕದಲ್ಲಿ ಅವರೇ ಪೆನ್ಸಿಲಿನಲ್ಲಿ ಮೂರನೆಯದು ಎಳೆದುಕೊಂಡಿದ್ದರು: "ಎಲೆ ಬಾಡಿದ ದಿನ". ಈಗ ನಾನು ಹಂಚುವ ಎಲ್ಲ ಪುಸ್ತಕದಲ್ಲೂ ಆ ಕಾಲಂ ಇದೆ.