ಕಂಬಳದ ರಾತ್ರಿಗೆ ಯಾವ ಕ್ಯಾಮೆರಾ?

ಹಳೇ ಡಿಎಸ್‌ಎಲ್‌ಆರ್ ಕಿಟ್‌ಗಳನ್ನು ಸ್ಟೋರ್‌ಗೆ ವಾಪಸ್ ಕೊಡಿ, ತಾಲೂಕಿಗೊಂದು ಸೂಪರ್‌ಝೂಮ್ ಕಳಿಸುತ್ತೇವೆ ಅಂತ ಆಡಳಿತ ವಿಭಾಗದಿಂದ ಮೇಲ್ ಬಂದಾಗ ನಮ್ಮ ಪತ್ರಿಕೆಯ ಬ್ಯೂರೋದಲ್ಲಿ ಹೆಚ್ಚಿನವರಿಗೆ ಖುಷಿಯೇ ಆಯಿತು. ಆಗಲೇಬೇಕು. ಬೈಕ್‌ನಲ್ಲಿ ಅಸೈನ್‌ಮೆಂಟ್‌ಗೆ ಓಡಾಡುವವನಿಗೆ ಒಂದೇ ಬಾಡಿ, ಒಂದೇ ಲೆನ್ಸ್, ಬೆನ್ನಿಗೆ ಭಾರ ಇಲ್ಲ. ವೇದಿಕೆ ಮೇಲಿನ ಇಡೀ ಸಾಲು ಬೇಕಾ, ಸಿಗುತ್ತದೆ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೇ ಮಂತ್ರಿಯ ಮುಖ ಬೇಕಾ, ಅದೂ ಸಿಗುತ್ತದೆ. ವೈಫೈಯಲ್ಲಿ ಫೋಟೊ ಮೊಬೈಲ್‌ಗೆ, ಅಲ್ಲಿಂದ ಸೀದಾ ಪುಟ ಕಟ್ಟುವ ಡೆಸ್ಕ್‌ಗೆ. ಕಾರ್ಡ್ ರೀಡರ್ ಹುಡುಕುವ ಗೋಳಿಲ್ಲ.

ನಾನು ನನ್ನ ಕಿಟ್ ಕೊಡಲಿಲ್ಲ. ಅದು ನಿಕಾನ್ ಡಿ7000. 2010ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್, 16 ಮೆಗಾಪಿಕ್ಸೆಲ್. ಗ್ರಿಪ್‌ನ ರಬ್ಬರ್ ಎರಡು ಕಡೆ ಎದ್ದಿದೆ. ವೈಫೈ ಇಲ್ಲ. ಅದರ ಜೊತೆ ಆಫೀಸಿನ 70-300 ಲೆನ್ಸ್, ನಾನೇ ದುಡ್ಡು ಹಾಕಿ ತಗೊಂಡ 85 ಎಂಎಂ ಎಫ್/1.8 (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಒಳಗೆ ಬೆಳಕು ಜಾಸ್ತಿ). ಅಕೌಂಟ್ಸ್‌ನವರ ಪುಸ್ತಕದಲ್ಲಿ ಈ ಬಾಡಿಯ ಬೆಲೆ ಸೊನ್ನೆ. ಬೆಲೆ ಸೊನ್ನೆಯಾದ ವಸ್ತುವಿನ ಸರ್ವಿಸ್‌ಗೆ ದುಡ್ಡು ಮಂಜೂರಾಗುವುದಿಲ್ಲ ಅನ್ನುವುದು ಅವರ ವಾದ. ಹೊಸದಾಗಿ ಬಂದ ಸೂಪರ್‌ಝೂಮ್ ಅನ್ನೂ ಕೊಟ್ಟರು, ಅದನ್ನೂ ತಗೊಂಡೆ. ಎರಡೂ ಒಂದೇ ಬ್ಯಾಗ್‌ನಲ್ಲಿ ಇದ್ದದ್ದರಿಂದಲೇ ಮುಂದೆ ಹೇಳುವ ರಾತ್ರಿ ನಮ್ಮ ಪುಟ ಉಳಿಯಿತು.

ಕಂಬಳ. ಕರಾವಳಿಯ ಪತ್ರಿಕೆಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಂದು ಕಂಬಳದ ಫೋಟೊ ಇಲ್ಲದೆ ಆಗುವುದಿಲ್ಲ. ಬೆಳಗ್ಗೆ ಶುರುವಾದರೆ ರಾತ್ರಿಯಿಡೀ ನಡೆದು ಮರುದಿನ ಮುಗಿಯುತ್ತದೆ. ಆ ಸಂಜೆ ನಾನು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಮಾಧ್ಯಮದವರಿಗೆ ಕಟ್ಟಿದ್ದ ಅಟ್ಟಳಿಗೆ ಮೇಲೆ ಸೂಪರ್‌ಝೂಮ್ ಹಿಡಿದು ನಿಂತಿದ್ದೆ. ಬಿಸಿಲು ಇಳಿಯುವ ಹೊತ್ತು. ಓಟ ಶುರುವಾಗುವ ಗಂತಿನಲ್ಲಿ ನಿಂತ ಕೋಣಗಳ ಮೂಗಿನ ನೀರೂ ಕಾಣಿಸುತ್ತಿತ್ತು. ಅಷ್ಟು ದೂರದಿಂದ, ಅಷ್ಟು ಚೆನ್ನಾಗಿ! ನೇಗಿಲು ಕಿರಿಯ ವಿಭಾಗದ ಓಟದಲ್ಲಿ ಓಡಿಸುವವನ ಹಲ್ಲು ಕಚ್ಚಿದ ಮುಖ ಫ್ರೇಮ್ ತುಂಬ ಬಂತು. ಡೆಸ್ಕ್‌ಗೆ ಅಲ್ಲಿಂದಲೇ ಕಳಿಸಿದೆ. ‘ಸೂಪರ್ ಉಂಟು’ ಅಂತ ಮೆಸೇಜ್ ಬಂತು.

ಕತ್ತಲಾಯಿತು. ಫ್ಲಡ್‌ಲೈಟ್ ಹಾಕಿದರು. ಕನೆ ಹಲಗೆ ಸ್ಪರ್ಧೆ ಬಾಕಿ ಇತ್ತು. ಡೆಸ್ಕ್‌ನಿಂದ ಫೋನ್. “ನಿಶಾನಿಗೆ ನೀರು ಹಾರಿದ ಫೋಟೊ ಬೇಕು ಮಾರಾಯ. ಲೀಡ್ ಜಾಗ ಇಟ್ಟಿದ್ದೇನೆ. ಒಂಬತ್ತೂವರೆಗೆ ಪೇಜ್ ಬಿಡ್ಲಿಕ್ಕುಂಟು.”

ಕನೆ ಹಲಗೆಯಲ್ಲಿ ವೇಗಕ್ಕೆ ಬಹುಮಾನ ಇಲ್ಲ, ನೀರಿನ ಎತ್ತರಕ್ಕೆ. ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ನೀರು ಚಿಮ್ಮಿ, ಕರೆಯ (ಕೋಣಗಳು ಓಡುವ ಕೆಸರು ಹಾದಿ) ಮೇಲೆ ಅಡ್ಡಕ್ಕೆ ಕಟ್ಟಿದ ಬಟ್ಟೆಗೆ ತಾಗಬೇಕು. ಆ ಬಟ್ಟೆಯೇ ನಿಶಾನಿ. ಆರೂವರೆ ಕೋಲು ಎತ್ತರದ ನಿಶಾನಿ, ಏಳೂವರೆ ಕೋಲು ಎತ್ತರದ ನಿಶಾನಿ. ತಾಗುವುದು ಒಂದು ಗಳಿಗೆ. ಆ ಗಳಿಗೆ ಫೋಟೊದಲ್ಲಿ ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಬರೀ ಕೆಸರು. ಸ್ಪರ್ಧೆಗೆ ಬರುವ ಜೋಡಿಗಳೂ ಕಡಿಮೆ. ಒಂದು ತಪ್ಪಿದರೆ ಇನ್ನೊಂದಿದೆ ಅಂತ ಆರಾಮಾಗಿ ಇರುವ ಹಾಗಿಲ್ಲ.

ಅಟ್ಟಳಿಗೆಯಿಂದ ನಿಶಾನಿ ದೂರ ಇತ್ತು. ದೂರಕ್ಕೆ ಝೂಮ್ ಬೇಕು, ಝೂಮ್ ಕೈಯಲ್ಲೇ ಇದೆ. ಹಾಗಾಗಿ ಅಲ್ಲೇ ಉಳಿದೆ. ಮೊದಲ ಜೋಡಿ ಬಂತು. ಬಟನ್ ಒತ್ತಿ ಹಿಡಿದೆ. ಪಟಪಟ ಕೆಲವು ಫ್ರೇಮ್ ಹೋಯಿತು. ಹತ್ತು ಆಗುವ ಮೊದಲೇ ನಿಂತಿತು. ಕಾರ್ಡ್‌ಗೆ ಬರೆಯುವ ದೀಪ ಮಿನುಗುತ್ತಾ ಇದೆ, ಪರದೆ ಕಪ್ಪಾಗಿದೆ. ಅಷ್ಟರಲ್ಲಿ ಕರೆಯ ಎರಡೂ ಬದಿಯಿಂದ ದೊಡ್ಡ ಕೂಗು ಎದ್ದಿತು. ನೀರು ನಿಶಾನಿಗೆ ತಾಗಿತ್ತು. ನನ್ನ ಕ್ಯಾಮೆರಾ ಇನ್ನೂ ಬರೆಯುತ್ತಾ ಕೂತಿತ್ತು.

ಸರಿ, ಮುಂದಿನ ಜೋಡಿಗೆ ತಡವಾಗಿ ಒತ್ತೋಣ ಅಂದುಕೊಂಡೆ. ಈಗ ಫೋಕಸ್ ಕೈಕೊಟ್ಟಿತು. ವ್ಯೂಫೈಂಡರ್ ಒಳಗಿನ ಚಿತ್ರ ಮಸಾಲೆ ಪುಡಿ ಚೆಲ್ಲಿದ ಹಾಗೆ ಕಾಳುಕಾಳಾಗಿತ್ತು. ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತಿದೆ, ಕೋಣಗಳು ಅರ್ಧ ಕರೆ ದಾಟಿವೆ. ಕೊನೆಗೆ ಸಿಕ್ಕಿದ ಒಂದೇ ಫ್ರೇಮ್‌ನಲ್ಲಿ ನಿಶಾನಿ ಇತ್ತು, ನೀರೂ ಇತ್ತು. ಆದರೆ ನೀರು ಹನಿಯಾಗಿ ಇರಲಿಲ್ಲ, ಬಿಳಿ ಹೊಗೆ ಆಗಿತ್ತು. ಕೋಣಕ್ಕೆ ಎರಡೆರಡು ಕೊಂಬಿನ ನೆರಳು. ಮಾಹಿತಿ ತೆಗೆದು ನೋಡಿದೆ: ಎಫ್/5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 1600, ಶಟರ್ 1/80 ಸೆಕೆಂಡ್. ಇನ್ನೇನಾಗುತ್ತದೆ?

ಲೆಕ್ಕ ಹಾಕಿ ನೋಡಿ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡ್‌ನಲ್ಲಿ ಮುಗಿಸಿದ್ದು ದೇಶವಿಡೀ ಸುದ್ದಿಯಾಯಿತು. ಅಂದರೆ ಸೆಕೆಂಡ್‌ಗೆ 10 ಮೀಟರ್‌ಗೂ ಜಾಸ್ತಿ. ಕನೆ ಹಲಗೆಯ ಓಟ ಅಷ್ಟು ವೇಗ ಇರಬೇಕೆಂದಿಲ್ಲ, ಆದರೂ ಅಂದಾಜಿಗೆ ಇದೇ ಸಾಕು. 1/80 ಸೆಕೆಂಡ್ ಶಟರ್ ತೆರೆದಿದ್ದರೆ ಅಷ್ಟರಲ್ಲಿ ಕೋಣ ಸುಮಾರು 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000 ಇಟ್ಟರೆ ಒಂದು ಸೆಂಟಿಮೀಟರ್. ಕಂಬಳಕ್ಕೆ ಬೇಕಾದದ್ದು ಈ ಒಂದು ಸೆಂಟಿಮೀಟರ್. ಫ್ಲಡ್‌ಲೈಟ್ ಬೆಳಕಿನಲ್ಲಿ 1/1000 ಕೊಡುವ ತಾಕತ್ತು ಆ ಲೆನ್ಸ್‌ಗೂ ಇಲ್ಲ, ಒಳಗೆ ಬೆಳಕು ಹಿಡಿಯುವ ಆ ಸೆನ್ಸರ್‌ಗೂ ಇಲ್ಲ. ಹೆಚ್ಚಿನ ಸೂಪರ್‌ಝೂಮ್‌ಗಳ ಒಳಗಿರುವುದು 1/2.3 ಇಂಚಿನ ಸೆನ್ಸರ್. ಸುಮಾರು 28 ಚದರ ಮಿಲಿಮೀಟರ್, ಕಿರುಬೆರಳ ಉಗುರಿಗಿಂತಲೂ ಚಿಕ್ಕದು. ಡಿ7000 ತರಹದ ಕ್ಯಾಮೆರಾದ, ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ 370ರ ಆಸುಪಾಸು. ಹದಿಮೂರು ಪಟ್ಟು. ಸೆನ್ಸರ್ ಅಷ್ಟು ಚಿಕ್ಕದಿರುವುದರಿಂದಲೇ ಅಷ್ಟು ಉದ್ದದ ಝೂಮ್ ಅನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಲು ಆಗುತ್ತದೆ. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡಿರುತ್ತದೆ.

ಆ ರಾತ್ರಿ ಇದನ್ನೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ಗಂಟೆ ಒಂಬತ್ತು ದಾಟಿತ್ತು. ಅಟ್ಟಳಿಗೆಯಿಂದ ಇಳಿದೆ. ಡಿ7000ಕ್ಕೆ 85 ಹಾಕಿಕೊಂಡು ಜನರ ನಡುವೆ ನುಗ್ಗಿದೆ. 85ಕ್ಕೆ ಝೂಮ್ ಇಲ್ಲ, ಕಾಲೇ ಝೂಮ್. ಕರೆಯ ಬದಿಯ ಹಗ್ಗದ ಹತ್ತಿರ ಸ್ವಯಂಸೇವಕ ಹುಡುಗ ತಡೆದ. “ಅಣ್ಣ, ಹಗ್ಗ ದಾಟ್ಬೇಡಿ, ಜೋಡಿ ಗಂತಿಗೆ ಹೋಯ್ತು.” ದಾಟುವುದಿಲ್ಲ ಅಂತ ಹೇಳಿ ಅವನ ಪಕ್ಕದಲ್ಲೇ ಮೊಣಕಾಲೂರಿದೆ. ಆಟೊ ಫೋಕಸ್ ಆಫ್ ಮಾಡಿದೆ. ನಿಶಾನಿ ಕಟ್ಟಿದ ಕಂಬದ ಮೇಲಿದ್ದ ಒಂದು ಮೊಳೆ ನೋಡಿಕೊಂಡು ಕೈಯಿಂದ ಫೋಕಸ್ ಕೂರಿಸಿದೆ. ಐಎಸ್‌ಒ 3200, ಎಫ್/2.2, 1/1000. ಆಮೇಲೆ ಲೆನ್ಸ್‌ನ ರಿಂಗ್ ಮುಟ್ಟಲಿಲ್ಲ.

ಅಲ್ಲಿಂದ ಜೋಡಿ ಬಿಡುವವರೆಗಿನ ಹೊತ್ತು ಬಹಳ ಉದ್ದ ಅನಿಸಿತು. ಕೋಣಗಳು ಸರಿಯಾಗಿ ನಿಲ್ಲುತ್ತಿಲ್ಲ. ತಿರುಗಿಸಿ ಮತ್ತೆ ನಿಲ್ಲಿಸುತ್ತಾರೆ. ಕಿಸೆಯಲ್ಲಿ ಫೋನ್ ಅದುರುತ್ತಲೇ ಇದೆ, ಡೆಸ್ಕ್ ಅಂತ ಗೊತ್ತು, ತೆಗೆಯುವ ಹಾಗಿಲ್ಲ. ಕಣ್ಣು ವ್ಯೂಫೈಂಡರ್‌ನಿಂದ ಎತ್ತಿದರೆ ಕಂಬ ತಪ್ಪುತ್ತದೆ. ಕಡೆಗೂ ಬಿಟ್ಟರು. ಮೊದಲು ಬಂದದ್ದು ಸದ್ದು, ಆಮೇಲೆ ನೀರು. ಹಲಗೆ ಮೇಲೆ ನಿಂತವ ಹಿಂದಕ್ಕೆ ವಾಲಿದ್ದು ಕಂಡಾಗ ಒತ್ತಿದೆ. ಕನ್ನಡಿ ಏಳುವ ಬೀಳುವ ಆ ಟಕಟಕ ಸದ್ದು ನಿಲ್ಲದೆ ಬಂತು. ನೀರಿನ ಎರಡು ಕವಲು ಮೇಲೇರಿ, ಒಂದು ಕವಲಿನ ತುದಿ ಬಟ್ಟೆಗೆ ಬಡಿದು ಬಟ್ಟೆ ಒಳಕ್ಕೆ ಬಾಗಿದ ಫ್ರೇಮ್ ಸಿಕ್ಕಿತು. ಒಂದೊಂದು ಹನಿಯೂ ಬೇರೆಬೇರೆ. ಓಡಿಸುವವನ ಮುಖಕ್ಕೆ ಕೆಸರು ಮೆತ್ತಿದೆ, ಕಣ್ಣು ಮಾತ್ರ ಬೆಳ್ಳಗೆ.

ವೈಫೈ ಇಲ್ಲದ್ದಕ್ಕೆ ಒಟಿಜಿ ಕಾರ್ಡ್ ರೀಡರ್ ಹಾಕಿ ಮೊಬೈಲ್‌ಗೆ ಇಳಿಸಬೇಕಾಯಿತು. ಸಾವಿರಾರು ಜನ ಸೇರಿದ ಗದ್ದೆಯಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು. ಚಿಕ್ಕದು ಮಾಡಿ ಕಳಿಸಿದೆ. ಪತ್ರಿಕೆಯ ನಾಲ್ಕು ಕಾಲಂಗೆ ಅಡ್ಡಕ್ಕೆ ಸಾವಿರದ ಮುನ್ನೂರು ಪಿಕ್ಸೆಲ್ ಆಸುಪಾಸು ಇದ್ದರೆ ನಡೆಯುತ್ತದೆ. ಪೇಜ್ ಹತ್ತು ನಿಮಿಷ ತಡವಾಯಿತು. ಬೈಗುಳವೂ ಬಂತು, ಫೋಟೊವೂ ಬಂತು.

ಮರುವಾರದ ಮೀಟಿಂಗ್‌ನಲ್ಲಿ ಎರಡೂ ಕ್ಯಾಮೆರಾದ ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. “ಇದಕ್ಕೆ ಅರುವತ್ತು ಪಟ್ಟು ಝೂಮ್ ಉಂಟಲ್ಲ, ನಿಮ್ಮದಕ್ಕೆ ಝೂಮೇ ಇಲ್ಲ” ಅಂದರು ಆಡಳಿತದ ಹಿರಿಯರು. ಖರೀದಿಯ ಹಾಳೆಯಲ್ಲಿ ಇರುವುದೇ ಎರಡು ಕಾಲಂ: ಝೂಮ್ ಎಷ್ಟು, ಮೆಗಾಪಿಕ್ಸೆಲ್ ಎಷ್ಟು. ಕತ್ತಲಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಕಾಲಂ ಇಲ್ಲ. ಕರಾವಳಿಯ ನಮ್ಮ ಕೆಲಸದಲ್ಲಿ ಅರ್ಧ ಕತ್ತಲಲ್ಲೇ ನಡೆಯುತ್ತದೆ. ಕಂಬಳ, ಯಕ್ಷಗಾನ, ಭೂತಕೋಲ, ರಥೋತ್ಸವ, ರಾತ್ರಿಯ ವಾಲಿಬಾಲ್ ಪಂದ್ಯ. ಕ್ಯಾಮೆರಾ ಆರಿಸುವವರು ಇದರಲ್ಲಿ ಒಂದಕ್ಕಾದರೂ ಒಂದು ರಾತ್ರಿ ಬಂದು ನಿಂತು ನೋಡಬೇಕು ಅಂತ ಅಲ್ಲೇ ಹೇಳಿದೆ. ಈಗಲೂ ಹೇಳುತ್ತೇನೆ.

ಹಾಗಂತ ಸೂಪರ್‌ಝೂಮ್ ಸುಮ್ನೆ ದಂಡ ಅಂತ ನಾನು ಹೇಳುವುದಿಲ್ಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಲ್ಲಿ ಬೋಟ್‌ಗಳು ಇಳಿಯುವಾಗ ಕಡಲು ಇನ್ನೂ ಪೂರ್ತಿ ತಣಿದಿರುವುದಿಲ್ಲ. ಅಂಥ ಒಂದು ಬೆಳಗ್ಗೆ ಅಳಿವೆ ಬಾಗಿಲ ಹತ್ತಿರ ಬೋಟೊಂದು ಮರಳ ದಿಬ್ಬಕ್ಕೆ ಸಿಕ್ಕಿಕೊಂಡಿತು. ತಡೆಗೋಡೆಯ ಕಲ್ಲಿನ ಮೇಲೆ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ, ಪೂರ್ತಿ ಝೂಮ್ ಎಳೆದೆ. ಹಗ್ಗ ಹಿಡಿದ ಕೈ, ಕಿತ್ತಳೆ ಬಣ್ಣದ ಲೈಫ್‌ಬಾಯ್, ಬೋಟ್‌ನ ಹೆಸರಿನ ಅಕ್ಷರ, ಎಲ್ಲ ಓದುವ ಹಾಗೆ ಬಂತು. ಎಲ್ಲರನ್ನೂ ದಡಕ್ಕೆ ತಂದರು. ಅದೇ ಜಾಗದಿಂದ 70-300ರಲ್ಲಿ ತೆಗೆದದ್ದರಲ್ಲಿ ಬೋಟ್ ಹೆಬ್ಬೆರಳಷ್ಟು, ಜನ ಚುಕ್ಕಿ. ಮೋಡ ಇದ್ದರೂ ಹಗಲಿನ ಬೆಳಕು ಹಗಲಿನದ್ದೇ, ಆ ಚಿಕ್ಕ ಸೆನ್ಸರ್‌ಗೆ ಅದು ಸಾಕು. ಇನ್ನೊಂದು ಅನುಕೂಲ ಇದೆ: ಉಪ್ಪುಗಾಳಿಯಲ್ಲಿ ಲೆನ್ಸ್ ಬಿಚ್ಚುವ ಕೆಲಸ ಇಲ್ಲ. ಬದಿಯಲ್ಲಿ ಒಂದು ಬಟನ್ ಇರುತ್ತದೆ, ಒತ್ತಿ ಹಿಡಿದರೆ ಝೂಮ್ ಹಿಂದಕ್ಕೆ ಬರುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೆ. ಅಲೆಯ ನಡುವೆ ಬೋಟ್ ಕಣ್ತಪ್ಪಿದಾಗೆಲ್ಲ ಅದೇ ಬಟನ್ ಹುಡುಕಿಕೊಟ್ಟಿತು. ಬಿಸಿಲು ಏರಿದ ಮೇಲೆ ಮಾತ್ರ ಅಷ್ಟು ದೂರದ್ದು ಬೇಡ. ಕಾದ ಗಾಳಿ ಕುಣಿಯುತ್ತದೆ, ಯಾವ ಲೆನ್ಸ್ ಇದ್ದರೂ ಮುಖ ಕದಡುತ್ತದೆ.

ಎರಡರ ನಡುವಿನ ದಾರಿಯೂ ಇದೆ. ಸೋನಿ 2017ರಲ್ಲಿ ತಂದ ಆರ್‌ಎಕ್ಸ್10 ಮಾರ್ಕ್ 4ರಲ್ಲಿ ಒಂದು ಇಂಚಿನ ಸೆನ್ಸರ್, 24-600 ಎಂಎಂಗೆ ಸಮನಾದ ಲೆನ್ಸ್, ಎಫ್/2.4ರಿಂದ 4. ಒಳ್ಳೆಯ ಕ್ಯಾಮೆರಾ. ಬಂದಾಗಲೇ ಬೆಲೆ ಲಕ್ಷ ದಾಟಿತ್ತು, ನಮ್ಮ ಆಫೀಸ್‌ನಲ್ಲಿ ಅದರ ಮಾತೇ ಏಳಲಿಲ್ಲ. ನಿಕಾನ್ ಪಿ1000 ಬೇಕು ಅಂತ ಒಬ್ಬರು ಕೇಳಿದರು. 125 ಪಟ್ಟು ಝೂಮ್ ಹೌದು, ತೂಕ 1.4 ಕಿಲೊ. ನನ್ನ ಹಳೇ ಬಾಡಿಗೆ 85 ಹಾಕಿದರೂ ಅದಕ್ಕಿಂತ ಹಗುರ.

ಕಾರ್ಕಳ ಕಡೆಯ ಒಬ್ಬ ಹೊಸ ಹುಡುಗ ಮೊನ್ನೆ ಫೋನ್ ಮಾಡಿದ್ದ. “ಅಣ್ಣ, ಇಪ್ಪತ್ತೈದು ಸಾವಿರ ಉಂಟು ಕೈಯಲ್ಲಿ. ಸೂಪರ್‌ಝೂಮಾ, ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರಾ?” ಹಕ್ಕಿ, ಕಡಲು, ಹಗಲಿನ ಸಭೆ ಅಂದರೆ ಸೂಪರ್‌ಝೂಮ್ ತಗೋ, ಕಣ್ಣುಮುಚ್ಚಿ ತಗೋ ಅಂದೆ. ಅವನು ಯಕ್ಷಗಾನ ಮೇಳಗಳ ಹಿಂದೆ ತಿರುಗುವವನು. ರಾತ್ರಿ ಆಟಕ್ಕಾದರೆ ಹಳೇ ಬಾಡಿ, ಅದಕ್ಕೆ 50 ಎಂಎಂ ಎಫ್/1.8. ಬಾಡಿಯ ಜೊತೆಗೇ ಬರುವ ಕಿಟ್ ಲೆನ್ಸ್ ಒಂದನ್ನೇ ನಂಬಿ ಡಿಎಸ್‌ಎಲ್‌ಆರ್ ತಗೊಂಡರೆ ಕತ್ತಲಲ್ಲಿ ಅರ್ಧ ಲಾಭವೂ ಸಿಗುವುದಿಲ್ಲ, ಅದರ ಲೆನ್ಸ್ ಕೂಡ ಎಫ್/5.6ಕ್ಕೇ ಬಂದು ನಿಲ್ಲುತ್ತದೆ. ಎಲ್ಲರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿರುವುದರಿಂದ ಹಳೇ ಬಾಡಿ, ಲೆನ್ಸ್ ಈಗ ಕಡಿಮೆಗೇ ಸಿಗುತ್ತವೆ.

ತಗೊಳ್ಳುವಾಗ ಶಟರ್ ಕೌಂಟ್, ಅಂದರೆ ಶಟರ್ ಇದುವರೆಗೆ ಎಷ್ಟು ಸಲ ತೆರೆದಿದೆ ಅಂತ ಕೇಳು ಅಂದೆ. ಡಿ7000ರ ಶಟರ್ ಅನ್ನು ಕಂಪನಿ 1,50,000 ಸಲಕ್ಕೆ ಪರೀಕ್ಷೆ ಮಾಡಿದ್ದು. ಅದರ ಹತ್ತಿರ ಬಂದಿದ್ದರೆ ಬೆಲೆ ಇಳಿಸು. ನಮ್ಮ ಊರಲ್ಲಿ ಅದಕ್ಕಿಂತ ದೊಡ್ಡ ಭಯ ಫಂಗಸ್. ಮಳೆಗಾಲದಲ್ಲಿ ಬಟ್ಟೆಗೆ, ಚಪ್ಪಲಿಗೆ ಹಿಡಿಯುವ ಬೂಷ್ಟು ಲೆನ್ಸ್‌ಗೂ ಹಿಡಿಯುತ್ತದೆ. ಅಂಗಡಿಯವನ ಮುಂದೆಯೇ ಲೆನ್ಸ್‌ನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡು. ಜೇಡರಬಲೆ ಎಳೆಯಂಥ ಬಿಳಿ ಗೆರೆ ಒಂದು ಕಂಡರೂ ಕೈಗೆ ವಾಪಸ್ ಕೊಟ್ಟು ಬಾ, ಎಷ್ಟೇ ಕಡಿಮೆಗೆ ಕೊಡುತ್ತೇನೆ ಅಂದರೂ ಬೇಡ.